ಆಷಾಢದ ಓದುಗರು

ಜೂನ್ 27, 2025, ಶುಕ್ರವಾರ

ಆಷಾಢ ಬಂತು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದಾರೆ. ಕಿಕ್ಕೇರಿ ಹೋಬಳಿಯ ಈ ಸಣ್ಣ ಪಂಚಾಯ್ತಿ ಗ್ರಂಥಾಲಯಕ್ಕೆ ವರ್ಷದಲ್ಲಿ ಇದೇ ಸುಗ್ಗಿ. ಮದುವೆಗೆ ಮುಂಚೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಕೇಳುತ್ತಿದ್ದವರು ಈಗ ಕಾದಂಬರಿ ಕೇಳುತ್ತಾರೆ.

ಮೇಗಲಕೇರಿಯ ಹುಡುಗಿ ಸಂಜೆ ಬಂದಳು. ನಾಗಮಂಗಲದ ಕಡೆಗೆ ಕೊಟ್ಟಿದ್ದಾರೆ. ಗಂಡ ಬಿಡದಿಯ ಫ್ಯಾಕ್ಟರಿಯಲ್ಲಿದ್ದಾನೆ, ವಾರಕ್ಕೊಂದು ಸಲ ಮನೆಗೆ ಬರುತ್ತಾನೆ. ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದು, ಬೇರೆಯವರು ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕ, ದೆವ್ವನೂ ಇರ್ಬೇಕು, ಲವ್ವೂ ಇರ್ಬೇಕು. ಅಂಥದ್ದು ಐತಾ?"

ಫೋನಿನಲ್ಲಿ ಪ್ರತಿಲಿಪಿ ಆ್ಯಪ್‌ನಲ್ಲಿ ಒಂದು ಧಾರಾವಾಹಿ ಓದುತ್ತಿದ್ದಳಂತೆ. ಹಳೇ ಬಂಗಲೆ, ನೂರಾರು ವರ್ಷದಿಂದ ಕಾಯುತ್ತಿರುವ ಗಂಧರ್ವ, ಕಾಲೇಜು ಹುಡುಗಿ. "ಕಾಯಿನ್ ಮುಗುದೋಯ್ತು ಕನಕ್ಕ. ಅವ್ಳು ಬಾಗ್ಲು ತೆಗೀತಾವ್ಳೆ, ಅಲ್ಲಿಗೇ ನಿಂತೋಯ್ತು."

ಪುಸ್ತಕ ಕೊಡುವ ಮುಂಚೆ ನಾನು ಯಾರನ್ನೇ ಆದರೂ ಒಂದು ಮಾತು ಕೇಳುತ್ತೇನೆ: ಅಳು ಬರೋದು ಬೇಕಾ, ಎದೆ ಢವಗುಟ್ಟೋದು ಬೇಕಾ? ಅವಳು ಎರಡನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅವ್ನು ಮಾತಾಡ್ಬೇಕು" ಅಂದಳು.

ಗಿರೀಶ ಕಾರ್ನಾಡರ 'ನಾಗಮಂಡಲ' ಕೊಟ್ಟೆ. ನಾಟಕ ಅಂದ ತಕ್ಷಣ ಮುಖ ಸಣ್ಣಗಾಯಿತು. ಪ್ರಕಾಶ್ ರೈ, ವಿಜಯಲಕ್ಷ್ಮಿ ಮಾಡಿದ ಸಿನಿಮಾ ಇದರದ್ದೇ ಅಂದ ಮೇಲೆ ರಿಜಿಸ್ಟರಿಗೆ ಸಹಿ ಹಾಕಿದಳು.

ಜೂನ್ 30, ಸೋಮವಾರ

ರಜೆ. ಗಂಜಾಂಗೆ, ದೊಡ್ಡಮ್ಮನ ಮನೆಗೆ ಹೋದೆ. ಶ್ರೀರಂಗಪಟ್ಟಣ ದಾಟುವಾಗ ಬಸ್ಸಿನಲ್ಲೆಲ್ಲ ಅದೇ ಮಾತು: ಕನ್ನಂಬಾಡಿ ತುಂಬಿದೆ, ಮುಖ್ಯಮಂತ್ರಿ ಇವತ್ತು ಬಾಗಿನ ಬಿಡುತ್ತಾರೆ, ಜೂನ್ ತಿಂಗಳಲ್ಲೇ ಬಾಗಿನ ಅನ್ನೋದು ಇದೇ ಮೊದಲು. ಸೇತುವೆ ಕೆಳಗೆ ಕಾವೇರಿ ಕೆಂಪಗೆ ಹರಿಯುತ್ತಿತ್ತು.

ದೊಡ್ಡಮ್ಮ ನನ್ನ ಮೊದಲ ಗ್ರಂಥಪಾಲಕಿ. ಎಂಬತ್ತರ ದಶಕದಲ್ಲಿ ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತರಿಸಿ, ತಾನು ಓದಿ, ಆಮೇಲೆ ಬೀದಿಯ ಹೆಂಗಸರಿಗೆಲ್ಲ ದಾಟಿಸುತ್ತಿದ್ದವಳು. ಯಾರಿಗೆ ಯಾವುದು ಎನ್ನುವುದು ಅವಳಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಬಸುರಿಯರಿಗೆ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕೊಡುತ್ತಿರಲಿಲ್ಲ. ತೆಲುಗಿನಿಂದ ಬಂದ ಆ ಮಾಟಮಂತ್ರದ ಕಥೆ ಮನೆಮನೆಯಲ್ಲಿ ನಿದ್ದೆ ಕೆಡಿಸಿತ್ತು. ಸಿನಿಮಾನೂ ಆಯಿತು. "ಅದ್ರಲ್ಲಿ ಬರೋ ಕಾಷ್ಮೋರನ ಹೆಸರು ರಾತ್ರಿ ಹೊತ್ತು ಯಾರೂ ಎತ್ತುತ್ತಿರಲಿಲ್ಲ ಕಣೇ. ಆದ್ರೆ ಈಗ ನೆನಪಿರೋದು ದೆವ್ವ ಅಲ್ಲ. ಮಾಟಕ್ಕೆ ಸಿಕ್ಕ ಆ ಮಗೂಗೋಸ್ಕರ ಅಪ್ಪ ಅಮ್ಮ ಪಟ್ಟ ಪಾಡು."

ಇದು ಸರಿ ಎನಿಸುತ್ತದೆ. ಭಯ ಹೋಗುತ್ತದೆ, ಯಾರಿಗಾಗಿ ಹೆದರಿದೆವೋ ಅವರು ಉಳಿಯುತ್ತಾರೆ. ಒಳ್ಳೆಯ ಭೂತದ ಕಥೆಯಲ್ಲಿ ಭೂತಕ್ಕಿಂತ ಮುಂಚೆ ಒಬ್ಬ ಮನುಷ್ಯ ಇರಬೇಕು, ನಾವು ಅವನನ್ನು ಪ್ರೀತಿಸಿರಬೇಕು.

ದೊಡ್ಡಮ್ಮನ ಕಪಾಟಿನಲ್ಲಿ ವಾಣಿಯವರ 'ಎರಡು ಕನಸು', 'ಶುಭಮಂಗಳ' ಈಗಲೂ ಇವೆ. ವಾಣಿ ಇದೇ ಶ್ರೀರಂಗಪಟ್ಟಣದಲ್ಲಿ 1912ರಲ್ಲಿ ಹುಟ್ಟಿದವರು. ಅವರ ಕಥೆಗಳಲ್ಲಿ ಯಕ್ಷರಿಲ್ಲ, ಗಂಧರ್ವರಿಲ್ಲ. ಆದರೆ ಬೇರೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಂಡತಿಯ ಮುಖ ನೋಡದ ಗಂಡನಿದ್ದಾನೆ. ಅಂಥ ಮನೆಯಲ್ಲಿ ಇಲ್ಲದವಳೇ ಓಡಾಡುತ್ತಿರುತ್ತಾಳೆ. ಅದನ್ನು ಬರೆಯಲು ವಾಣಿಯವರಿಗೆ ದೆವ್ವ ಬೇಕಾಗಲಿಲ್ಲ.

ಜುಲೈ 5, ಶನಿವಾರ

ಕೆ.ಆರ್. ಪೇಟೆಯಿಂದ ನಿವೃತ್ತ ಕನ್ನಡ ಮೇಷ್ಟ್ರು ಬಂದಿದ್ದರು. ಎರವಲು ರಿಜಿಸ್ಟರ್ ತಿರುವಿ ಹಾಕಿ, ಬೇಜಾರಿನಿಂದಲೇ ಹೇಳಿದರು: "ಏನಮ್ಮಾ ಇದು, ಬರೀ ಮಾಟಗಾತಿ, ಮೋಹಿನಿ. ಬೂಕರ್ ಬಂದಿದೆ, ಬಾನು ಮುಷ್ತಾಕ್ ಅವರ ಕಥೆ ಕೊಡು. ಎ.ಎನ್. ಮೂರ್ತಿರಾಯರ 'ದೇವರು' ಕೊಡು, ನಮ್ಮ ಅಕ್ಕಿಹೆಬ್ಬಾಳಿನವರು."

ಕೊಡುತ್ತೇನೆ, ಕೊಟ್ಟಿದ್ದೇನೆ. ಆದರೆ ಅವರಿಗೆ ನಾನು ಹೇಳಿದ್ದು ಇದು. ನಾಗವರ್ಮ ಸಾವಿರ ವರ್ಷದ ಹಿಂದೆ ಬಾಣನ ಕಥೆಯನ್ನು ಕನ್ನಡಕ್ಕೆ ತಂದು 'ಕರ್ನಾಟಕ ಕಾದಂಬರಿ' ಬರೆದನಲ್ಲ, ಅದರಲ್ಲಿ ಏನಿದೆ? ಚಂದ್ರಾಪೀಡ ಕಿನ್ನರರ ಜೋಡಿಯ ಬೆನ್ನು ಹತ್ತಿ ದಾರಿ ತಪ್ಪಿ ಅಚ್ಛೋದ ಸರೋವರಕ್ಕೆ ಬರುತ್ತಾನೆ. ಅಲ್ಲಿ ಶಿವಾಲಯದಲ್ಲಿ ಮಹಾಶ್ವೇತೆ ವೀಣೆ ಹಿಡಿದು ಹಾಡುತ್ತಿದ್ದಾಳೆ. ಅವಳ ಪುಂಡರೀಕ ವಿರಹದಲ್ಲಿ ಸತ್ತಿದ್ದಾನೆ. ಆಕಾಶದಿಂದ ಇಳಿದ ದಿವ್ಯಪುರುಷ ಅವನ ದೇಹ ಎತ್ತಿಕೊಂಡು, ಮತ್ತೆ ಸಿಗುತ್ತಾನೆ, ಪ್ರಾಣ ಬಿಡಬೇಡ ಅಂತ ಹೇಳಿ ಹೋಗಿದ್ದಾನೆ. ಅವಳು ಕಾಯುತ್ತಿದ್ದಾಳೆ. ಮುಂದೆ ಚಂದ್ರಾಪೀಡನೂ ಸಾಯುತ್ತಾನೆ. ದೇಹ ಕೆಡುವುದಿಲ್ಲ. ಕಾದಂಬರಿ ಅದನ್ನು ಜೀವ ಇದ್ದವನನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾಳೆ. ಹಿಂದಿನ ಜನ್ಮದ ಪ್ರೇಮಿ ಗಿಳಿಯಾಗಿ ಹುಟ್ಟಿ ಬಂದು ರಾಜನ ಆಸ್ಥಾನದಲ್ಲಿ ಕಥೆ ಹೇಳುತ್ತದೆ. ನಮ್ಮ ಹುಡುಗಿ ಕಾಯಿನ್ ಕೊಟ್ಟು ಓದುತ್ತಿದ್ದದ್ದೂ ಈ ಜಾತಿಯದೇ.

ನೇಮಿಚಂದ್ರನ 'ಲೀಲಾವತಿ'ಯ ಮಾತನ್ನೂ ಎತ್ತಿದೆ. ಬನವಾಸಿಯ ರಾಜಕುಮಾರ ಕಂದರ್ಪ ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಗೆಳೆಯ ಮಕರಂದನ ಜೊತೆ ಊರು ಬಿಡುತ್ತಾನೆ. ಅವಳಿಗೂ ಇವನ ಕನಸು ಬಿದ್ದಿದೆ. 12ನೇ ಶತಮಾನದ ಕಾವ್ಯ. ನಮ್ಮ ಕಿಕ್ಕೇರಿಯಲ್ಲಿ ಬಮ್ಮವೆ ನಾಯಕಿತಿ ಬ್ರಹ್ಮೇಶ್ವರ ಗುಡಿ ಕಟ್ಟಿಸಿದ್ದು 1171ರಲ್ಲಿ, ಹೆಚ್ಚುಕಡಿಮೆ ಅದೇ ಕಾಲ. ಆ ಗುಡಿಯ ಕಂಬದ ಮದನಿಕೆಯರ ಕಾಲದಿಂದಲೂ ಕನ್ನಡದವರಿಗೆ ಈ ಆಸೆ ಇದೆ.

"ಅದನ್ನೂ ಇದನ್ನೂ ಒಂದೇ ತಕ್ಕಡೀಲಿ ತೂಗಬೇಡಮ್ಮ. ಅಲ್ಲಿ ಭಾಷೆ ಇದೆ" ಅಂದರು ಮೇಷ್ಟ್ರು. ಅದು ನಿಜ. ಭಾಷೆ ಒರಟಾಗಿರುವ ಪುಸ್ತಕಗಳು ನನ್ನ ಕಪಾಟಿನಲ್ಲಿ ಬೇಕಾದಷ್ಟಿವೆ. ಆದರೆ ಹಸಿವು ಒಂದೇ ಎಂಬುದನ್ನು ಅವರು ಒಪ್ಪಲಿಲ್ಲ. ಚಹಾ ಕುಡಿದು ಹೊರಟರು.

ಜುಲೈ 9, ಬುಧವಾರ

ಮೈಸೂರಿನಲ್ಲಿ ಪದವಿ ಓದುವ ಪಾಂಡವಪುರದ ಹುಡುಗಿ, ಇಲ್ಲಿ ಅಜ್ಜಿ ಮನೆಗೆ ಬಂದವಳು, ಸ್ಟೆಫೆನಿ ಮೇಯರ್ ಬರೆದ 'ಟ್ವೈಲೈಟ್' ಕಥೆಯನ್ನು ನನಗೂ ಇನ್ನಿಬ್ಬರಿಗೂ ಪೂರ್ತಿ ಹೇಳಿದಳು. 2003ರ ಜೂನ್‌ನಲ್ಲಿ ಆ ಅಮೆರಿಕದ ಗೃಹಿಣಿಗೆ ಬಿದ್ದ ಕನಸಿನಿಂದ ಹುಟ್ಟಿದ ಕಾದಂಬರಿಯಂತೆ: ಹುಲ್ಲುಗಾವಲು, ಒಬ್ಬ ಹುಡುಗಿ, ಅವಳ ರಕ್ತಕ್ಕೆ ಬಾಯಾರಿಯೂ ತಡೆದುಕೊಂಡಿರುವ ರಕ್ತಪಿಪಾಸು. ನೇಮಿಚಂದ್ರನ ಕಂದರ್ಪನಿಗೂ ಕನಸೇ ದಾರಿ ತೋರಿಸಿದ್ದು ಅಂತ ನಾನು ಹೇಳಿದಾಗ ಅವಳು ಚಕ್ಕಳಮಕ್ಕಳ ಹಾಕಿ ಕುಳಿತು, "ಅದನ್ನೂ ಹೇಳಿ ಅಕ್ಕಾ" ಅಂದಳು.

ಒಂದು ವಿಷಯ ಮಾತ್ರ ನನಗೆ ಸರಿಬರಲಿಲ್ಲ. ಆ ರಕ್ತಪಿಪಾಸು ಎಡ್ವರ್ಡ್ ರಾತ್ರಿ ಹೊತ್ತು ನಾಯಕಿ ಬೆಲ್ಲಾಳ ಕೋಣೆಗೆ ಬಂದು, ಅವಳಿಗೆ ಗೊತ್ತಿಲ್ಲದ ಹಾಗೆ, ಅವಳು ನಿದ್ದೆ ಮಾಡುವುದನ್ನು ನೋಡುತ್ತಾನೆ. ಹುಡುಗಿಯರಿಗೆ ಅದು ಚೆಂದ ಕಂಡಿತು. ನಾನು ನೇರವಾಗಿಯೇ ಕೇಳಿದೆ: ನಮ್ಮೂರ ಹುಡುಗ ಯಾರಾದರೂ ಹೀಗೆ ಕಿಟಕಿ ಹತ್ತಿ ಬಂದರೆ? ಮೂವರೂ ಒಟ್ಟಿಗೆ ಛೀ ಅಂದರು. ಆಮೇಲೆ ಬಹಳ ಹೊತ್ತು ಅದರದ್ದೇ ಮಾತು. ಮನುಷ್ಯ ಮಾಡಿದರೆ ತಪ್ಪಾದದ್ದು ದೆವ್ವ ಮಾಡಿದರೆ ಹೇಗೆ ಸರಿಯಾಗುತ್ತದೆ? ಎತ್ತಿಕೊಂಡು ಹೋಗಿ ಮದುವೆಯಾಗುವ ಅಸುರರಾಜನ ಕಥೆಗಳನ್ನು ನಾನು ಯಾರಿಗೂ ಓದು ಅಂತ ಹೇಳುವುದಿಲ್ಲ. ಅವು ಎಷ್ಟೇ ರೋಚಕವಾಗಿರಲಿ.

ಜುಲೈ 14, ಸೋಮವಾರ

ಮೇಲುಕೋಟೆ. ಬೆಟ್ಟದ ಮೇಲೆ ಸೋನೆ. ವೈರಮುಡಿಯ ಜಾತ್ರೆಯ ಗದ್ದಲವಿಲ್ಲದಾಗ ಮೇಲುಕೋಟೆ ಕವಿ ಪು.ತಿ.ನ. ಅವರ ಊರು ಅಂತ ಅನ್ನಿಸುತ್ತದೆ.

ಬೀಬಿ ನಾಚ್ಚಿಯಾರ್ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ದಿಲ್ಲಿಯ ಸುಲ್ತಾನನ ಮಗಳ ಬಳಿ ಇಲ್ಲಿನ ಉತ್ಸವಮೂರ್ತಿ ಇತ್ತು. ಅವಳು ಅದರೊಡನೆ ಆಡುತ್ತಿದ್ದಳು, ಮಾತಾಡುತ್ತಿದ್ದಳು. ರಾಮಾನುಜಾಚಾರ್ಯರು ಹೋಗಿ ಚೆಲ್ವಪಿಳ್ಳೆ ಎಂದು ಕರೆದರೆ ವಿಗ್ರಹ ನಡೆದು ಬಂದು ಅವರ ತೊಡೆಯೇರಿತು. ಅವರು ಕರೆತಂದರು. ಹುಡುಗಿ ಬಿಟ್ಟಿರಲಾರದೆ ಹಿಂದೆಯೇ ಬಂದಳು, ಇಲ್ಲಿ ಅವನಲ್ಲಿ ಐಕ್ಯಳಾದಳು. ಸ್ವಾಮಿಯ ಪಾದದ ಬಳಿ ಅವಳ ಮೂರ್ತಿ ಇದೆ.

ಇತಿಹಾಸದ ಲೆಕ್ಕಕ್ಕೆ ಇದು ಕೂಡಿಬರುವುದಿಲ್ಲ. ರಾಮಾನುಜರ ಕಾಲದಲ್ಲಿ ದಿಲ್ಲಿಯಲ್ಲಿ ಸುಲ್ತಾನರೇ ಇರಲಿಲ್ಲ. ಆದರೂ ಜನ ಈ ಕಥೆಯನ್ನು ಬಿಟ್ಟುಕೊಟ್ಟಿಲ್ಲ, ಗರ್ಭಗುಡಿಯಲ್ಲೇ ಇಟ್ಟುಕೊಂಡಿದ್ದಾರೆ. ಧರ್ಮ, ದೂರ, ಕಲ್ಲು ಮತ್ತು ಜೀವದ ನಡುವಿನ ಅಂತರ, ಇಷ್ಟನ್ನೂ ದಾಟಿ ಬಂದ ಹುಡುಗಿಗೆ ಜಾಗ ಕೊಟ್ಟಿದ್ದಾರೆ. ನನ್ನ ಓದುಗರಿಗೆ ಇಂಥದ್ದನ್ನು ಓದಲು ನಾಚಿಕೆ ಯಾಕೆ? ಕಾದಂಬರಿಯನ್ನು ದಿನಪತ್ರಿಕೆಯೊಳಗೆ ಸುತ್ತಿಕೊಂಡು ಒಯ್ಯುತ್ತಾರೆ, ಪಾಪ.

ಜುಲೈ 19, ಶನಿವಾರ

ಮೇಗಲಕೇರಿ ಹುಡುಗಿ 'ನಾಗಮಂಡಲ' ವಾಪಸು ತಂದಳು. ಪುಟಗಳ ನಡುವೆ ಗುರುತಿಗೆ ಇಟ್ಟದ್ದು ನಾಗಮಂಗಲದಿಂದ ಕೆ.ಆರ್. ಪೇಟೆಗೆ ಬಂದ ಬಸ್ಸಿನ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಮಡಿಸಿ ಮಡಿಸಿ ಮೆತ್ತಗಾಗಿತ್ತು. ಅದಿದ್ದದ್ದು ನಾಗ ಮೊದಲ ಸಲ ರಾಣಿಯ ಗಂಡ ಅಪ್ಪಣ್ಣನ ವೇಷದಲ್ಲಿ ಬಂದು ಅವಳನ್ನು ಅವಳ ಅಪ್ಪ ಅಮ್ಮನ ಬಗ್ಗೆ ಮಾತಾಡಿಸುವ ಕಡೆ.

"ಇಷ್ಟೇ ಅಲ್ವೇನಕ್ಕ" ಅಂದಳು. "ಹಗಲು ಬರೋ ಗಂಡ ಉಣ್ತಾನೆ, ಬೀಗ ಹಾಕ್ಕೊಂಡು ಹೋಯ್ತಾನೆ. ರಾತ್ರಿ ಬರೋನು ಕೇಳ್ತಾನೆ. ಅದು ಹಾವಾದ್ರೇನು?"

ಅದೇ ನಾಗ, ರಾತ್ರಿ ಬಂದದ್ದರ ಬಗ್ಗೆ ಏನೂ ಕೇಳಕೂಡದು ಅಂತ ಅಪ್ಪಣೆ ಮಾಡುತ್ತಾನಲ್ಲ, ಅದು? ಅಂತ ಕೇಳಿದೆ. ಅವಳು ತಡಮಾಡಲಿಲ್ಲ. "ಅದು ನಂಗೆ ಇಷ್ಟ ಆಗ್ನಿಲ್ಲ. ಆದ್ರೆ ಕೊನೆಗೆ ಹುತ್ತಕ್ಕೆ ಕೈ ಹಾಕಿ ಸತ್ಯಾನೇ ಹೇಳ್ತಾಳಲ್ಲ ಅವ್ಳು. ಗಂಡನ್ನೂ ಈ ಹಾವನ್ನೂ ಬಿಟ್ಟು ಇನ್ಯಾರ್ನೂ ಮುಟ್ಟಿಲ್ಲ ಅಂತ. ಊರ್ನೋರು ಕಾಲಿಗೆ ಬಿದ್ರು. ಸತ್ಯ ಏನು ಅಂತ ಒಬ್ಬರಿಗೂ ತಿಳೀನಿಲ್ಲ."

ಇಷ್ಟು ಚೆನ್ನಾಗಿ ಆ ದೃಶ್ಯವನ್ನು ಬಿಡಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಕಾರ್ನಾಡರು ಎರಡು ಮುಕ್ತಾಯ ಕೊಟ್ಟಿದ್ದಾರೆ. ಒಂದರಲ್ಲಿ ನಾಗ ರಾಣಿಯ ಜಡೆಯಲ್ಲಿ ಸಾಯುತ್ತಾನೆ. ನಾಟಕದಲ್ಲಿ ಕಥೆ ಕೇಳುತ್ತಿರುವ ದೀಪದ ಜ್ವಾಲೆಗಳಿಗೆ ಅದು ಒಗ್ಗುವುದಿಲ್ಲ. ಆಮೇಲೆ ಇನ್ನೊಂದು, ನಾಗ ಅವಳ ಕೂದಲಲ್ಲೇ ಬದುಕಿ ಉಳಿಯುವುದು. ಮೇಗಲಕೇರಿಯವಳು ಎರಡನೆಯದಕ್ಕೇ ನಿಂತಳು. ಪಾಂಡವಪುರದ ಹುಡುಗಿ ಜಗಳಕ್ಕೇ ಬಂದಳು: ರಾಣಿಗೆ ಗೊತ್ತಾದ ಮೇಲೆ ಅಪ್ಪಣ್ಣನ ಜೊತೆ ಇರುವುದೇ ತಪ್ಪು, ಮೂರನೇ ಮುಕ್ತಾಯ ಬೇಕು, ಅವಳು ಮಗು ಎತ್ತಿಕೊಂಡು ಹೊರಟುಬಿಡಬೇಕು. ಪುಸ್ತಕವನ್ನು ಇಬ್ಬರೂ ಎಳೆದಾಡಿದರು. ಬಾಗಿಲು ಹಾಕುವ ಹೊತ್ತು ಮೀರಿತ್ತು, ನಾನು ಎದ್ದೇಳಲಿಲ್ಲ. ಮೇಗಲಕೇರಿಯವಳಿಗೆ ಚಂದ್ರಶೇಖರ ಕಂಬಾರರ 'ಚಕೋರಿ' ಕೊಟ್ಟು ಕಳಿಸಿದೆ. ಚಂದಮುತ್ತ, ಯಕ್ಷಿ, ಸಂಗೀತ. ಪದ್ಯದಲ್ಲಿದೆ, ಜೋರಾಗಿ ಓದು, ಅತ್ತೆಮನೆಗೆ ಬೇಕಾದರೆ ಒಯ್ಯಿ ಅಂದೆ.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಗಂಡಂದಿರು ಬಂದಿದ್ದಾರೆ. ಗ್ರಂಥಾಲಯ ಖಾಲಿ.

ಜುಲೈ 29, ಮಂಗಳವಾರ

ನಾಗರ ಪಂಚಮಿ. ಹುತ್ತದ ಹತ್ತಿರ ಹೆಂಗಸರೆಲ್ಲ ತನಿ ಎರೆಯುತ್ತಿದ್ದರು. ಇವತ್ತು ಕಾದಂಬರಿಕಾರ್ತಿ ತ್ರಿವೇಣಿ ತೀರಿಕೊಂಡ ದಿನವೂ ಹೌದು. 1963, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಮಗಳು ಹುಟ್ಟಿ ಕೆಲವೇ ದಿನವಾಗಿತ್ತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನ, ಬಿ.ಎಂ.ಶ್ರೀ ಅವರ ತಮ್ಮನ ಮಗಳು. ಮನಶ್ಶಾಸ್ತ್ರ ಓದಿದವರು, ಅದನ್ನು ಅಡುಗೆಮನೆಯ ಹೆಣ್ಣುಮಕ್ಕಳ ತನಕ ತಂದವರು.

ಅವರನ್ನು ಇವತ್ತು ನೆನೆಯಲು ಬೇರೆ ಕಾರಣವೂ ಇದೆ. ಹಿಂದಿನ ಬೀದಿಯ ಬಾಣಂತಿ ನಿದ್ದೆ ಮಾಡುತ್ತಿಲ್ಲವಂತೆ, ಮಗುವನ್ನು ಮುಟ್ಟುವುದಿಲ್ಲವಂತೆ, ಯಾರೋ ಕರೆಯುತ್ತಿದ್ದಾರೆ ಅನ್ನುತ್ತಾಳಂತೆ. ಮೋಹಿನಿ ಕಾಟ ಅಂತ ಮನೆಯವರು ತಾಯಿತ ಕಟ್ಟಿಸಿದ್ದಾರೆ, ಮುಂದಿನ ಅಮಾವಾಸ್ಯೆಗೆ ದೆವ್ವ ಬಿಡಿಸುವವನ ಹತ್ತಿರ ಕರೆದುಕೊಂಡು ಹೋಗುವ ಮಾತಾಡುತ್ತಿದ್ದಾರೆ. ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. ಮೋಹಿನಿಯ ಕಥೆಯನ್ನು ನಾನು ಪ್ರೀತಿಯಿಂದ ಓದುತ್ತೇನೆ, ಪ್ರೀತಿಯಿಂದ ಕೊಡುತ್ತೇನೆ. ಪುಸ್ತಕದೊಳಗೆ ಅವಳು ಹೆಂಗಸಿನ ಆಸೆಗೆ ಬಾಯಿ ಕೊಡುತ್ತಾಳೆ. ಬಾಣಂತಿಯ ಕೋಣೆಯಲ್ಲಿ ಅದೇ ಹೆಸರು ಅವಳ ಬಾಯಿ ಮುಚ್ಚಿಸುತ್ತದೆ. ಅವಳು ಏನು ಹೇಳಿದರೂ ಹೇಳಿದ್ದು ಅವಳಲ್ಲ, ದೆವ್ವ.

ತ್ರಿವೇಣಿಯವರ 'ಶರಪಂಜರ'ದ ಕಾವೇರಿಗೂ ಹೆರಿಗೆಯ ನಂತರವೇ ಮನಸ್ಸು ಕೆಡುತ್ತದೆ. ವಾಸಿಯಾಗಿ ಮನೆಗೆ ಬಂದರೂ ಜನ ಅವಳನ್ನು ಹುಚ್ಚಿ ಎಂದೇ ನೋಡುತ್ತಾರೆ. ಕಾಯಿಲೆಗಿಂತ ಆ ನೋಟವೇ ಅವಳನ್ನು ಮುಗಿಸುತ್ತದೆ. ಬಾಣಂತಿಯ ಅತ್ತೆ ನಮ್ಮ ಗ್ರಂಥಾಲಯದ ಹಳೇ ಓದುಗಾರ್ತಿ. ಕಲ್ಪನಾ ಮಾಡಿದ 'ಶರಪಂಜರ' ಸಿನಿಮಾವನ್ನು ಅಳುತ್ತಾ ನೋಡಿದವಳು. ಆದರೆ ಆಕೆ ಪುಸ್ತಕ ಓದಿ ಮುಗಿಸುವ ತನಕ ಕಾಯುವಂತಿಲ್ಲ, ಬಾಣಂತಿ ಸನ್ನಿಗೆ ಔಷಧಿ ಇದೆ, ತಡವಾದಷ್ಟೂ ತಾಯಿಗೂ ಮಗುವಿಗೂ ಅಪಾಯ. ಆಶಾ ಕಾರ್ಯಕರ್ತೆಗೆ ಈಗ ತಾನೇ ಫೋನ್ ಮಾಡಿದೆ. ಬೆಳಿಗ್ಗೆ ಗ್ರಂಥಾಲಯ ತೆಗೆಯುವ ಮುಂಚೆ ಇಬ್ಬರೂ ಹೋಗುತ್ತೇವೆ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಲು ಒಪ್ಪಿಸಬೇಕು. 'ಶರಪಂಜರ'ವನ್ನೂ ಚೀಲಕ್ಕೆ ಹಾಕಿಕೊಂಡಿದ್ದೇನೆ. ಅತ್ತೆಗೆ ಕಾವೇರಿಯ ಹೆಸರು ಹೇಳಿದರೆ ಅರ್ಥವಾದೀತು.