ಮುತ್ತುಗ ಹೂಬಿಟ್ಟ ದಿಬ್ಬ

ವಸಂತವೆಂದೊಡನೆ ಮಾವಿನ ಚಿಗುರು, ಕೋಗಿಲೆ, ಮಂದಮಾರುತಗಳನ್ನು ನೆನೆಯುವುದು ನಮ್ಮ ಕವಿಗಳು ಕಲಿಸಿದ ಅಭ್ಯಾಸ. ಕಲಬುರಗಿಯವರಾದ ನಮಗೆ ಮಾತ್ರ ಈ ಋತುವು ಮೊದಲು ಮಣ್ಣಿನ ಹೂಜಿಯನ್ನೂ ಅನಂತರ ಕೊಡೆಯನ್ನೂ ನೆನಪಿಗೆ ತರುತ್ತದೆ. ಫಾಲ್ಗುಣ ಕಾಲಿಟ್ಟಿತೆಂದರೆ ಮಧ್ಯಾಹ್ನ ಬಾಗಿಲು ಮುಚ್ಚಿ ಕುಳಿತುಬಿಡುವ ಜನ ನಾವು. ಗುಡ್ಡ ಹತ್ತುವ ಹುರುಪೇನಿದ್ದರೂ ಮಳೆಗಾಲಕ್ಕೇ ಮೀಸಲು. ಹೀಗಾಗಿ ನಮ್ಮ ಗುಡ್ಡಗಳ ವಸಂತೋತ್ಸವವು ಬಹುಮಟ್ಟಿಗೆ ಪ್ರೇಕ್ಷಕರಿಲ್ಲದೆಯೇ ಮುಗಿದುಹೋಗುತ್ತದೆ.

ಹೋದ ಫಾಲ್ಗುಣದಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಕಿಟಕಿಯಾಚೆಯ ಬಿಸಿಲನ್ನು ನೋಡಿ, “ಅಜ್ಜಾ, ನಿಮ್ಮೂರಿನಲ್ಲಿ ಕಲ್ಲು ಬಿಟ್ಟರೆ ಏನಿದೆ?” ಎಂದಳು. ಕಲ್ಲೆಂದದ್ದಕ್ಕೆ ನನಗೆ ಬೇಸರವಿಲ್ಲ. ‘ನಿಮ್ಮೂರು’ ಎಂದದ್ದು ಎದೆಗೆ ನಾಟಿತು. ಮರುದಿನ ನಸುಕಿನಲ್ಲೇ ಅವಳನ್ನು ಕರೆದುಕೊಂಡು ಹುಮನಾಬಾದಿನ ಬಸ್ಸು ಹತ್ತಿ ಕಮಲಾಪುರದಲ್ಲಿಳಿದೆ.

ಕಮಲಾಪುರವೆಂದರೆ ಕೆಂಪು ಬಾಳೆ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು. ಆ ತೋಟಗಳು ತಗ್ಗಿನಲ್ಲಿ ತಂಪಾಗಿರುತ್ತವೆ. ಸುತ್ತಲಿನ ದಿಬ್ಬಗಳು ಈ ದಿನಗಳಲ್ಲಿ ಹುಲ್ಲೊಣಗಿ ಬೋಳಾಗಿರುತ್ತವೆ. ನಾವು ಏರಿದ್ದು ಅಂಥದೊಂದು ಬೋಳು ದಿಬ್ಬವನ್ನೇ.

ಅರ್ಧ ಏರುವಷ್ಟರಲ್ಲಿ ಮುತ್ತುಗದ ಮರ ಎದುರಾಯಿತು. ನೀರು ಉಳಿಸಿಕೊಳ್ಳಲು ಎಲೆಗಳನ್ನೆಲ್ಲ ಉದುರಿಸಿ, ಬರಿಯ ಕೊಂಬೆಗಳ ತುಂಬ ಕೆಂಡದಂಥ ಹೂಗಳನ್ನು ಹೊತ್ತು ನಿಂತಿತ್ತು. “ಗಿಳಿಯ ಕೊಕ್ಕು!” ಎಂದಳು ಹುಡುಗಿ, ಬಿದ್ದ ಹೂವೊಂದನ್ನು ಎತ್ತಿಕೊಂಡು. ‘ಇದೇನು ಗಿಳಿಯೇ?’ ಎಂಬ ಇದೇ ಬೆರಗಿನಿಂದ ಸಂಸ್ಕೃತದಲ್ಲಿ ಇದಕ್ಕೆ ‘ಕಿಂಶುಕ’ವೆಂಬ ಹೆಸರು ಬಂತೆಂದು ಹೇಳಿದೆ. ಪರಿಮಳವಿಲ್ಲವೆಂಬ ಕಾರಣಕ್ಕೆ ಸುಭಾಷಿತಕಾರರು ಈ ಹೂವನ್ನು ವಿದ್ಯೆಯಿಲ್ಲದ ಚೆಲುವರಿಗೆ ಹೋಲಿಸಿ ಹಳಿದದ್ದುಂಟು. ಅವರು ಮರದಡಿ ಒಂದು ಗಳಿಗೆ ನಿಂತಿದ್ದರೆ ಚೆನ್ನಾಗಿತ್ತು. ಮುತ್ತುಗದ ಅತಿಥಿಗಳು ಬಣ್ಣ ನೋಡಿ ಬರುವ ಹಕ್ಕಿಗಳು, ಅವಕ್ಕೆ ಪರಿಮಳವೇತಕ್ಕೆ? ಸೂರಕ್ಕಿಗಳೂ ಮೈನಾಗಳೂ ಮಕರಂದಕ್ಕೆ ಕೊಕ್ಕಿಟ್ಟು, ಮುಖಕ್ಕೆಲ್ಲ ಪರಾಗ ಬಳಿದುಕೊಂಡು, ಹೋಳಿಯಾಡಿದವರಂತೆ ಮುಂದಿನ ಮರಕ್ಕೆ ಹಾರುತ್ತಿದ್ದವು.

ಇನ್ನೂ ಮೇಲಕ್ಕೆ ಹೋದಾಗ ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತ ಚೀರತೊಡಗಿತು. ಮೊಮ್ಮಗಳ ತೋಳು ಹಿಡಿದು ನಿಲ್ಲಿಸಿದೆ. ಅವಳ ಪಾದದಿಂದ ಎರಡು ಗೇಣಿನಾಚೆ, ಹರಳುಗಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು. ಗೂಡಿಲ್ಲ, ಮರೆಯಿಲ್ಲ, ಕಲ್ಲಿನಂತೆ ಕಾಣುವುದೊಂದೇ ಅವುಗಳ ರಕ್ಷೆ. ಪಕ್ಕದ ಇಳಿಜಾರು ಸುಟ್ಟು ಕರ್ರಗಾಗಿತ್ತು. ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಹೀಗೆ ಅಡಗಿದ ಎಷ್ಟು ಸಂಸಾರಗಳು ಅಲ್ಲಿ ಬೆಂದವೋ! ನಾವು ಮೆಲ್ಲನೆ ಹಿಂದೆ ಸರಿದೆವು. ಇಳಿಯುವಾಗ ಹುಡುಗಿ ಮಾತಾಡಲಿಲ್ಲ. ಪ್ರತಿಯೊಂದು ಕಲ್ಲನ್ನೂ ಪರೀಕ್ಷಿಸಿ ಹೆಜ್ಜೆಯಿಟ್ಟಳು.

ವಾಚಕರೇ, ಬಿಸಿಲೇರುವ ಮೊದಲೇ ಒಮ್ಮೆ ಮಕ್ಕಳೊಡನೆ ಹೋಗಿಬನ್ನಿ. ನೀರಿರಲಿ, ಬೆಂಕಿಪೊಟ್ಟಣ ಬೇಡ. ಕೊಂಬೆ ಮುರಿಯುವ ಅಗತ್ಯವೂ ಇಲ್ಲ. ಹೋಳಿಯ ಬಣ್ಣಕ್ಕೆ, ನೀರಿನಲ್ಲಿ ಕುದಿಸಲು, ನೆಲಕ್ಕೆ ಬಿದ್ದ ಹೂಗಳೇ ಧಾರಾಳವಾಗಿ ಸಿಗುತ್ತವೆ.