ಬೋರ್ಡಿನ ಮೇಲೆ ನಂಬರ್ ಐತಲ್ಲರೀ!

ನಮ್ಮ ಕುರ್ಡಿಯ ಸೀಮೆಯಲ್ಲಿ ‘ಸೊಸೈಟಿ’ ಎಂದರೆ ಸಮಾಜ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಆ ಶಬ್ದ ಬಂದಾಗ ಹುಡುಗನೊಬ್ಬ ‘ಗೊಬ್ಬರ ಕೊಡುವ ಜಾಗ’ ಎಂದು ಅರ್ಥ ಬರೆದಿದ್ದ. ಇಂಗ್ಲಿಷ್ ಮಾಸ್ತರರು ಸೊನ್ನೆ ಕೊಟ್ಟರು. ನಾನಾಗಿದ್ದರೆ ಅರ್ಧ ಅಂಕವನ್ನಾದರೂ ಕೊಡುತ್ತಿದ್ದೆ. ಮಾನ್ವಿ ತಾಲ್ಲೂಕಿನ ರೈತನ ಮಗನಿಗೆ ಸೊಸೈಟಿ ಎಂದರೆ ಬೀಜ, ಯೂರಿಯಾ, ಬೆಳೆಸಾಲ, ಪಡಿತರದ ಸಾಲು, ಅಷ್ಟೇ. ಅದು ತನ್ನ ಅಪ್ಪನದೂ ಹೌದು, ಅಪ್ಪ ಅದರಲ್ಲಿ ಷೇರು ಹಾಕಿದ ಪಾಲುದಾರ ಎಂಬ ಸಂಗತಿ ಅವನಿಗೆ ತಿಳಿದಿರುವುದಿಲ್ಲ. ಎಷ್ಟೋ ಸಲ ಅಪ್ಪನಿಗೂ ತಿಳಿದಿರುವುದಿಲ್ಲ.

ನಾನು ವಿಜ್ಞಾನ ಕಲಿಸುವವನು. ಸಹಕಾರದ ಪಾಠ ಸಮಾಜ ವಿಜ್ಞಾನದವರ ಪಾಲಿನದು. ಆದರೂ ಅದರ ಬಗ್ಗೆ ಬರೆಯುವಂತೆ ಮಾಡಿದವರು ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ. ಕೆಲವು ವರ್ಷಗಳ ಹಿಂದೆ ಹತ್ತಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಅವರು ಪಟ್ಟಣದ ಪತ್ತಿನ ಸಹಕಾರ ಸಂಘವೊಂದರಲ್ಲಿ ಠೇವಣಿ ಇಟ್ಟಿದ್ದರು. ಮಗಳನ್ನು ಪಿಯುಸಿ ವಿಜ್ಞಾನಕ್ಕೆ ಸೇರಿಸಬೇಕು, ಆಮೇಲೆ ನರ್ಸಿಂಗ್ ಓದಿಸಬೇಕು ಎಂಬುದು ಆ ಹಣದ ಉದ್ದೇಶ. ಬಡ್ಡಿ ಬ್ಯಾಂಕಿಗಿಂತ ಶೇಕಡಾ ಮೂರು ಹೆಚ್ಚು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ತಿಂಗಳಲ್ಲೇ ಆ ಸಂಘದ ಬಾಗಿಲು ಮುಚ್ಚಿತು. ಆ ತಂದೆ ಶಾಲೆಗೆ ಬಂದು ನನ್ನ ಮುಂದೆ ಕುಳಿತು ಕೇಳಿದ ಪ್ರಶ್ನೆ ಇದು: “ಬೋರ್ಡಿನ ಮ್ಯಾಲ ಸರಕಾರದ ನಂಬರ್ ಐತಲ್ಲರೀ, ಸರ. ಸರಕಾರ ನಂಬರ್ ಕೊಟ್ಟ ಮ್ಯಾಲ ರೊಕ್ಕ ಎಲ್ಲಿ ಹೋಗತೈತ್ರೀ?”

ಆ ಪ್ರಶ್ನೆಗೆ ಅಂದು ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಅವರ ಜೊತೆ ಕಚೇರಿಗಳಿಗೆ ತಿರುಗಿ, ಕಾಯ್ದೆ ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ನಂಬರಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1875ರಲ್ಲಿ ಪುಣೆ, ಅಹ್ಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ರೈತನಿಗೆ ಸಾಹುಕಾರನಲ್ಲದೆ ಬೇರೆ ದಾರಿ ಬೇಕು ಎಂಬುದು ಬ್ರಿಟಿಷ್ ಸರಕಾರಕ್ಕೆ ಮನವರಿಕೆಯಾಯಿತು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಯುರೋಪಿನ ಪದ್ಧತಿಗಳನ್ನು ನೋಡಿ ಬಂದು, ಜರ್ಮನಿಯ ರೈಫೈಸನ್ ಹಳ್ಳಿಗಳಲ್ಲಿ ಕಟ್ಟಿದಂಥ ಸಾಲದ ಸಂಘಗಳೇ ನಮ್ಮಲ್ಲೂ ಬೇಕೆಂದು ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಮಾಡಬಹುದು. ಅದನ್ನು ನೋಂದಾಯಿಸಿ ಮೇಲ್ವಿಚಾರಣೆ ಮಾಡಲು ‘ರಿಜಿಸ್ಟ್ರಾರ್’ ಎಂಬ ಅಧಿಕಾರಿ ಇರಬೇಕು ಎಂದು ಆ ಕಾಯ್ದೆ ಹೇಳಿತು.

ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂಬ ಹಿರಿಮೆ ಅದರದು. ಮೈಸೂರು ಸಂಸ್ಥಾನ ಅದೇ 1905ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ನಮ್ಮ ರಾಯಚೂರು ಆಗ ನಿಜಾಮರ ಹೈದರಾಬಾದಿನಲ್ಲಿತ್ತು. ಇಲ್ಲಿ ಸಹಕಾರ ಕಾನೂನು ಬಂದದ್ದು 1914ರಲ್ಲಿ. ಹೀಗೆ ಕನ್ನಡ ನಾಡಿನ ಒಂದೊಂದು ತುಂಡಿಗೆ ಒಂದೊಂದು ಕಾಯ್ದೆ, ಒಬ್ಬೊಬ್ಬ ರಿಜಿಸ್ಟ್ರಾರ್. 1956ರಲ್ಲಿ ನಾಡು ಒಂದಾದ ಮೇಲೆ ಎಲ್ಲರಿಗೂ ಅನ್ವಯಿಸುವ 1959ರ ಸಹಕಾರ ಸಂಘಗಳ ಕಾಯ್ದೆ ರೂಪುಗೊಂಡು, 1960ರ ಜೂನ್ 1ರಿಂದ ಜಾರಿಗೆ ಬಂತು. ಇಂದಿಗೂ ನಡೆಯುತ್ತಿರುವುದು, ಹಲವು ತಿದ್ದುಪಡಿಗಳೊಂದಿಗೆ, ಅದೇ ಕಾಯ್ದೆ.

ಇನ್ನು ನೋಂದಣಿಯ ವಿಷಯ. ಸಂಘ ಕಟ್ಟುವವರು ತಮ್ಮ ಉಪವಿಧಿಗಳನ್ನು, ಅಂದರೆ ಬೈಲಾವನ್ನು, ಬರೆದು ನಿಬಂಧಕರಿಗೆ ಅರ್ಜಿ ಕೊಡಬೇಕು. ಉಪವಿಧಿಗಳು ಕಾಯ್ದೆಗೆ ವಿರುದ್ಧವಾಗಿಲ್ಲವೇ, ಸಂಘದ ಉದ್ದೇಶ ಸಹಕಾರ ತತ್ವಕ್ಕೆ ಹೊಂದುತ್ತದೆಯೇ, ಸಂಘ ನಡೆಯುವಷ್ಟು ಬಲ ಅದಕ್ಕೆ ಇದೆಯೇ ಎಂದು ಅವರು ನೋಡುತ್ತಾರೆ. ಸರಿಯಿದ್ದರೆ ಪ್ರಮಾಣಪತ್ರ ಕೊಡುತ್ತಾರೆ. ಅಂದಿನಿಂದ ಆ ಸಂಘ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿಯಿದ್ದಂತೆ. ತನ್ನ ಹೆಸರಿನಲ್ಲಿ ಆಸ್ತಿ ಮಾಡಬಹುದು, ಕೋರ್ಟಿಗೆ ಹೋಗಬಹುದು. ಮುಂದೆ ಉಪವಿಧಿಯ ಒಂದು ಸಾಲು ಬದಲಿಸಬೇಕಾದರೂ ಅದನ್ನು ಮತ್ತೆ ನೋಂದಾಯಿಸಬೇಕು.

ಗಮನಿಸಿ: ಇಷ್ಟೂ ಪರೀಕ್ಷೆ ನಡೆಯುವುದು ಸಂಘ ಹುಟ್ಟುವಾಗ. ಬೋರ್ಡಿನ ಮೇಲಿನ ನಂಬರು ಜನನ ಪ್ರಮಾಣಪತ್ರವಿದ್ದಂತೆ. ಮಗು ಹುಟ್ಟಿದ್ದು ನಿಜ ಎಂದು ಅದು ಹೇಳುತ್ತದೆ. ಮಗು ಇಂದು ಆರೋಗ್ಯವಾಗಿದೆ ಎಂದು ಹೇಳುವುದಿಲ್ಲ. ಆರೋಗ್ಯ ತಿಳಿಯಬೇಕಾದರೆ ನೋಡಬೇಕಾದದ್ದು ಬೇರೆ ಕಾಗದ, ಅದು ಲೆಕ್ಕಪರಿಶೋಧನೆಯ ವರದಿ.

ಪ್ರತಿ ಸಂಘದ ಲೆಕ್ಕವೂ ವರ್ಷಕ್ಕೊಮ್ಮೆ ಪರಿಶೋಧನೆಯಾಗಬೇಕು. ಪರಿಶೋಧಕರು ಸಂಘಕ್ಕೆ ಎ, ಬಿ, ಸಿ, ಡಿ ಎಂದು ಶ್ರೇಣಿ ಕೊಡುತ್ತಾರೆ, ನಾವು ಮಕ್ಕಳಿಗೆ ಕೊಟ್ಟ ಹಾಗೆಯೇ. ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡಾ 25ನ್ನು ಆಪದ್ಧನ ನಿಧಿಗೆ ತೆಗೆದಿಡಬೇಕು. ಏನಾದರೂ ಅನುಮಾನ ಬಂದರೆ ನಿಬಂಧಕರು 64ನೇ ಪ್ರಕರಣದಡಿ ವಿಚಾರಣೆ ನಡೆಸಬಹುದು. ಹಣ ದುರುಪಯೋಗ ಆಗಿದ್ದರೆ 69ನೇ ಪ್ರಕರಣದಡಿ ತಪ್ಪಿತಸ್ಥರಿಂದಲೇ ವಸೂಲಿಗೆ ಆದೇಶ ಮಾಡಬಹುದು. ಸದಸ್ಯನಿಗೂ ಸಂಘಕ್ಕೂ ತಕರಾರು ಬಂದರೆ 70ನೇ ಪ್ರಕರಣದಡಿ ಅದು ಅವರ ಮುಂದೆಯೇ ಬರುತ್ತದೆ. ಆಡಳಿತ ಮಂಡಳಿ ಕೆಟ್ಟಿದ್ದರೆ ಅದನ್ನು ತೆಗೆದು ಆಡಳಿತಾಧಿಕಾರಿಯನ್ನು ನೇಮಿಸಬಹುದು. ಸುಧಾರಿಸುವ ದಾರಿಯೇ ಇಲ್ಲವೆಂದಾದರೆ ಸಂಘವನ್ನು ಸಮಾಪನೆಗೊಳಿಸಬಹುದು.

ಇಷ್ಟೆಲ್ಲ ಅಧಿಕಾರ ಇದ್ದೂ ಹಣ ಹೋಗುವುದು ಹೇಗೆ? ಮಕ್ಕಳಿಗೆ ವಿದ್ಯುತ್ತಿನ ಪಾಠದಲ್ಲಿ ಫ್ಯೂಸಿನ ಬಗ್ಗೆ ಹೇಳುತ್ತೇನೆ. ಮಿತಿಮೀರಿ ವಿದ್ಯುತ್ ಹರಿದಾಗ ಫ್ಯೂಸ್ ಕರಗಿ ಮನೆಯನ್ನು ಉಳಿಸುತ್ತದೆ. ಆದರೆ ಸವೆದ ವೈರನ್ನು ಫ್ಯೂಸ್ ಬಂದು ತೋರಿಸುವುದಿಲ್ಲ. ಅದನ್ನು ಮನೆಯವರೇ ನೋಡಬೇಕು. ಮೇಲೆ ಹೇಳಿದ ಪ್ರಕರಣಗಳೆಲ್ಲ ಫ್ಯೂಸುಗಳು. ಮನೆಯವರು ಎಂದರೆ ಸದಸ್ಯರು.

ಈ ಮನೆಯವರಿಗೆ ಮನೆ ತಮ್ಮದೆಂಬ ಭಾವನೆ ಏಕೆ ಹೋಯಿತು? ಅದಕ್ಕೂ ಒಂದು ಕಾರಣ ಇತಿಹಾಸದಲ್ಲಿದೆ. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ರೈತ ತಂದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಸುಮಾರು ಮೂರು ರೂಪಾಯಿ. ಎಪ್ಪತ್ತರಷ್ಟು ಲೇವಾದೇವಿಯವರದೇ. ಸಂಘಗಳು ಬೆಳೆಯಬೇಕಾದರೆ ಸರಕಾರವೂ ಷೇರು ಹಾಕಿ ಪಾಲುದಾರನಾಗಬೇಕು ಎಂದು ಸಮಿತಿ ಸಲಹೆ ಮಾಡಿತು. ಸಂಘಗಳು ಬೆಳೆದವು, ನಿಜ. ಆದರೆ ಸರಕಾರದ ಹಣ, ಸರಕಾರದ ಅಧಿಕಾರಿ, ಸರಕಾರದ ಸಾಲಮನ್ನಾ ಎಲ್ಲ ಸೇರಿ, ಸೊಸೈಟಿ ಎಂದರೆ ಸರಕಾರದ್ದೇ ಎಂಬ ನಂಬಿಕೆ ಹಳ್ಳಿಹಳ್ಳಿಯಲ್ಲಿ ಬೇರೂರಿತು. ‘ಸರಕಾರ ನಂಬರ್ ಕೊಟ್ಟೈತಿ’ ಎಂಬ ಆ ತಂದೆಯ ಮಾತು ಈ ನಂಬಿಕೆಯಿಂದಲೇ ಹುಟ್ಟಿದ್ದು.

ಇನ್ನೊಂದು ತೊಡಕೂ ಇದೆ. ಹೊರಗಿನಿಂದ ಒಂದೇ ರೀತಿ ಕಾಣುವ ಸಹಕಾರ ಸಂಸ್ಥೆಗಳ ಮೇಲ್ವಿಚಾರಕರು ಒಬ್ಬರೇ ಅಲ್ಲ. 1959ರ ಕಾಯ್ದೆಯ ಸಂಘಗಳಿಗೆ ರಾಜ್ಯದ ನಿಬಂಧಕರು ಮತ್ತು ಅವರ ಕೆಳಗೆ ಜಿಲ್ಲೆಯ ಉಪ ನಿಬಂಧಕರು, ಸಹಾಯಕ ನಿಬಂಧಕರು ಇದ್ದಾರೆ. ‘ಸೌಹಾರ್ದ’ ಎಂಬ ಹೆಸರಿದ್ದರೆ ಅದು 1997ರ ಕಾಯ್ದೆಯದು, 2001ರ ಜನವರಿಯಿಂದ ಜಾರಿಗೆ ಬಂದದ್ದು. ಅದರಲ್ಲಿ ಸ್ವಾಯತ್ತತೆ ಹೆಚ್ಚು, ಸರಕಾರದ ಕೈ ಕಡಿಮೆ. ಎರಡು ಮೂರು ರಾಜ್ಯಗಳಲ್ಲಿ ವ್ಯವಹರಿಸುವ ಬಹುರಾಜ್ಯ ಸಂಘವಾದರೆ 2002ರ ಕೇಂದ್ರ ಕಾಯ್ದೆ. ಅದರ ನಿಬಂಧಕರು ದೆಹಲಿಯಲ್ಲಿ. ಸಹಕಾರಿ ಬ್ಯಾಂಕುಗಳ ಮೇಲೆ 1966ರಿಂದ ರಿಸರ್ವ್ ಬ್ಯಾಂಕಿನ ಕಣ್ಣೂ ಇದೆ.

ಬ್ಯಾಂಕಿಗೂ ಪತ್ತಿನ ಸಂಘಕ್ಕೂ ಇರುವ ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿತು. ಜನ ಕಣ್ಣೀರಿಟ್ಟರು. ಮರುತಿಂಗಳು ದೇಶದ ಎಲ್ಲ ಬ್ಯಾಂಕ್ ಠೇವಣಿಗಳ ವಿಮೆ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿತು. 2021ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಆ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣ ಬಂತು. ಅದು ಬ್ಯಾಂಕ್ ಆಗಿದ್ದರಿಂದ ಅಷ್ಟಾದರೂ ಆಯಿತು. ಪತ್ತಿನ ಸಂಘಗಳಲ್ಲಿ ಇಟ್ಟ ಠೇವಣಿಗೆ ಈ ವಿಮೆ ಇಲ್ಲ.

ನಮ್ಮ ವಿದ್ಯಾರ್ಥಿನಿಯ ತಂದೆಯದು ಪತ್ತಿನ ಸಂಘ. ದೂರು ಕೊಟ್ಟೆವು. ವಿಚಾರಣೆ ಆಯಿತು, ಆಡಳಿತಾಧಿಕಾರಿ ಬಂದರು, ಸಾಲಗಾರರಿಗೆ ನೋಟೀಸು ಹೋಯಿತು. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಹಣ ಕೈಗೆ ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಪಾಸ್‌ಬುಕ್ಕಿನ ಜೊತೆ ಇದ್ದ ರಸೀದಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವರನ್ನು ‘ನಾಮಮಾತ್ರ ಸದಸ್ಯ’ ಎಂದು ಬರೆದುಕೊಂಡಿದ್ದರು. ನಾಮಮಾತ್ರ ಸದಸ್ಯನಿಗೆ ಮತದ ಹಕ್ಕಿಲ್ಲ. ಇಟ್ಟ ಹಣ ಅವರದು, ಅದರ ಬಗ್ಗೆ ಕೈ ಎತ್ತುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಹುಡುಗಿ ಒಂದು ವರ್ಷ ಮನೆಯಲ್ಲಿ ಕುಳಿತು, ಮರುವರ್ಷ ಸರಕಾರಿ ಕಾಲೇಜು ಸೇರಿ ವಿದ್ಯಾರ್ಥಿವೇತನದ ಬಲದಿಂದ ಓದಿದಳು. ಹಣವಾದರೂ ಅರ್ಧ ಬಂತು. ಆ ವರ್ಷವನ್ನು ಯಾವ ನಿಬಂಧಕರೂ ವಸೂಲು ಮಾಡಿಕೊಡಲಾರರು.

ಸದಸ್ಯ ಕಣ್ಣು ತೆರೆದರೆ ಏನಾಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. ನಾನು ಶಿಕ್ಷಕರ ಪತ್ತಿನ ಸಂಘವೊಂದರ ಸದಸ್ಯ. ಮಹಾಸಭೆ ಎಂದರೆ ನಮಗೆ ಉಪ್ಪಿಟ್ಟು, ಮಿರ್ಚಿ ಭಜಿ, ಕೊನೆಗೊಂದು ಸ್ಟೀಲ್ ಡಬ್ಬಿ. ಕಾರ್ಯದರ್ಶಿ “ವರದಿಯನ್ನು ಓದಲಾಗಿದೆ ಎಂದು ಭಾವಿಸಬೇಕು” ಎನ್ನುತ್ತಾರೆ. ನಾವು “ಮಂಜೂರ್, ಮಂಜೂರ್” ಎಂದು ಕೂಗುತ್ತೇವೆ. ಒಂದು ವರ್ಷ ನಿವೃತ್ತ ಗಣಿತದ ಮಾಸ್ತರರೊಬ್ಬರು ಎದ್ದು ನಿಂತರು. “ಅಧ್ಯಕ್ಷರ, ಸುಸ್ತಿ ಬಾಕಿ ಹ್ವಾದ ವರ್ಷಕ್ಕಿಂತ ಎರಡು ಪಟ್ಟು ಆಗೈತಿ, ಲಾಭನೂ ಜಾಸ್ತಿ ಆಗೈತಿ. ಇನ್ನೂ ಕೈಗೆ ಬರದ ಬಡ್ಡೀನ ಲಾಭ ಅಂತ ಬರದೀರೇನ್ರೀ?” ಸಭೆ ನಕ್ಕಿತು, ಆಮೇಲೆ ಸುಮ್ಮನಾಯಿತು. ಅಂದು ಉಪ್ಪಿಟ್ಟು ಆರಿಹೋಯಿತು. ಮರುವರ್ಷದ ವರದಿಯಲ್ಲಿ ಸುಸ್ತಿ ಬಾಕಿಯ ಪಟ್ಟಿ ಬೇರೆಯಾಗಿ ಅಚ್ಚಾಗಿತ್ತು, ವಸೂಲಿಯೂ ಸುಧಾರಿಸಿತ್ತು. ಯಾವ ಅಧಿಕಾರಿಯೂ ಬರದೆ, ಒಂದು ಪ್ರಶ್ನೆಯಿಂದ ಆದ ಕೆಲಸ ಅದು. ಸಹಕಾರ ಸಂಘದಲ್ಲಿ ನೂರು ಷೇರು ಇದ್ದವನಿಗೂ ಒಂದೇ ಮತ, ಒಂದು ಷೇರು ಇದ್ದವನಿಗೂ ಒಂದೇ ಮತ. ಆ ಮಾಸ್ತರರು ತಮ್ಮ ಒಂದನ್ನು ಸರಿಯಾಗಿ ಬಳಸಿದರು.

ಪಾಲಕರು ಮಕ್ಕಳ ಓದಿಗೆಂದು ಇಡುವ ಹಣವನ್ನು ಎಲ್ಲಿಗಾದರೂ ಒಯ್ಯುವ ಮುಂಚೆ ಕೆಲವು ಪ್ರಶ್ನೆ ಕೇಳಲಿ. ಇದು ಬ್ಯಾಂಕೋ, ಪತ್ತಿನ ಸಂಘವೋ? ಯಾವ ಕಾಯ್ದೆಯಡಿ ನೋಂದಣಿಯಾಗಿದೆ? ನಾನು ಪೂರ್ಣ ಸದಸ್ಯನೋ, ನಾಮಮಾತ್ರದವನೋ? ಕಳೆದ ವರ್ಷದ ಪರಿಶೋಧನೆಯಲ್ಲಿ ಯಾವ ಶ್ರೇಣಿ ಬಂದಿದೆ? ಉಳಿದವರಿಗಿಂತ ಹೆಚ್ಚು ಬಡ್ಡಿ ಕೊಡುತ್ತಿದ್ದರೆ, ಆ ಹೆಚ್ಚಿನದು ಎಲ್ಲಿಂದ ಬರುತ್ತದೆ? ಒಳ್ಳೆಯ ಸಂಘ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ನಮ್ಮ ರೈತರನ್ನು ಸಾಹುಕಾರರ ಕೈಯಿಂದ ಬಿಡಿಸಿದ ಸಂಘಗಳು ಎಷ್ಟೋ ಇವೆ. ಅವುಗಳ ಹೆಸರು ಉಳಿಯಬೇಕಾದರೂ ಈ ಪ್ರಶ್ನೆಗಳು ಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಸೆಪ್ಟೆಂಬರ್ ಬಂತೆಂದರೆ ಸಹಕಾರ ಸಂಘಗಳ ಮಹಾಸಭೆಗಳ ಸುಗ್ಗಿ. ಮನೆಗೆ ಬಂದ ವರದಿಯ ಪುಸ್ತಕ ಸಾಮಾನ್ಯವಾಗಿ ಕಿಟಕಿಯ ಮೇಲೆ ಧೂಳು ತಿನ್ನುತ್ತಿರುತ್ತದೆ. ಅದನ್ನು ತೆಗೆದು, ವಸೂಲಾಗಬೇಕಿದ್ದ ಸಾಲ ಎಷ್ಟು, ಅದರಲ್ಲಿ ಸುಸ್ತಿ ಎಷ್ಟು ಎಂದು ಹುಡುಕಿ, ಶೇಕಡಾವಾರು ಲೆಕ್ಕ ಮಾಡಿ. ಎಂಟನೆಯ ತರಗತಿಯ ಗಣಿತ ಸಾಕು. ಬಂದ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಮಹಾಸಭೆಗೆ ಹೊರಟ ಅಪ್ಪನ ಅಂಗಿಯ ಕಿಸೆಯಲ್ಲಿ ಇಡಿ.