ಮೂರನೇ ಪ್ಯಾರಾ ಮತ್ತು ಒಂದೇ ಪಂಕ್ತಿ



ದೋಸ್ತನೊಬ್ಬ ಕರೆದ ಅಂತ ಹೊನ್ನಾವರದ ಹತ್ರ ಕಥೋಲಿಕ ಕುಟುಂಬಗಳ ಎರಡು ದಿನದ ಶಿಬಿರಕ್ಕೆ ಮಕ್ಕಳನ್ನೂ ಕರ್ಕೊಂಡು ಹೋಗಿದ್ದೆ. ಭಟ್ಕಳ, ಕುಮಟಾದವರೂ ಬಂದಿದ್ರು. ಶರಾವತಿ ದಂಡೆ, ಟೆಂಟು, ಕೊಂಕಣಿ ಹಾಡು, ಗಂಜಿ, ಬಂಗಡೆ ಸಾರು. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಅಂತ ಯಾರೂ ನೋಡಲಿಲ್ಲ. ಪಾತ್ರೆ ತೊಳೆಯೋ ಸರದಿ ಫಾದರ್‌ಗೂ ಇತ್ತು.

ರಾಯಚೂರು ಕಡೆಯಿಂದ ದುಡಿಯೋಕೆ ಬಂದು ಕುಮಟಾದಲ್ಲಿ ನೆಲೆಸಿದ ಒಬ್ಬ ಅಪ್ಪ ರಾತ್ರಿ ಮೆಲ್ಲಗೆ ಹೇಳಿದ: "ಇಲ್ಲಿ ಎಲ್ಲಾ ಸರಿ ಐತಿ ಅಣ್ಣ. ಊರಾಗ ನಾವು ಇನ್ನೂ ಕೇರಿಯವ್ರೇ. ಕಾಗದದಾಗ ಮಾತ್ರ ಎಸ್‌ಸಿ ಅಲ್ಲ."

ಇದು 1950ರ ಪರಿಶಿಷ್ಟ ಜಾತಿ ಆದೇಶದ ಮೂರನೇ ಪ್ಯಾರಾ ಮಾಡಿದ ಕೆಲಸ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ದಲಿತ ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಅವರಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ. ಇದೇ ಜಿಲ್ಲೆಯ ಸಿದ್ದಿಗಳು 2003ರಿಂದ ಎಸ್‌ಟಿ. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ, ಧರ್ಮದ ಕಾರಣಕ್ಕೆ ಯಾರ ಹಕ್ಕೂ ಹೋಗಿಲ್ಲ. ಬುಡಕಟ್ಟಿನವರಿಗೆ ಕೇಳದ ಧರ್ಮವನ್ನ ನಮ್ಮವರಿಗೆ ಮಾತ್ರ ಯಾಕೆ ಕೇಳ್ತೀರಿ?

ಚರ್ಚಿಗೂ ಒಂದು ಮಾತು. ಸಭೆಯೊಳಗೂ ಜಾತಿ ತಾರತಮ್ಯ ಇದೆ ಅಂತ 2016ರಲ್ಲಿ ಭಾರತದ ಬಿಷಪರೇ ಒಪ್ಪಿಕೊಂಡು ದಲಿತ ಸಬಲೀಕರಣ ನೀತಿ ತಂದರು. ಹಾಗಿದ್ದಮೇಲೆ ಪಂಕ್ತಿಯ ಸಮಾನತೆ ಶಿಬಿರಕ್ಕೇ ಮುಗೀಬಾರದು. ಮದುವೆ ಸಂಬಂಧದಲ್ಲಿ, ಶಾಲೆಯ ನೌಕರಿಯಲ್ಲೂ ಕಾಣಬೇಕು.

"ಅವರು ಬಂದ್ರೆ ನಮ್ಮ ಪಾಲು ಕಡಿಮೆಯಾಗುತ್ತೆ" ಅನ್ನೋ ನಮ್ಮವರೇ, ಪಾಲು ಹೆಚ್ಚಿಸಿ ಅಂತ ಒಟ್ಟಿಗೆ ಕೇಳೋಣ. ದೇವರು ಬದಲಾದರೂ ಕೇರಿ ಬದಲಾಗಿಲ್ಲ.